ಉದ್ಯಮದ ಗೆಲುವಿಗೆ ಕಾರಣ ಯಾವುದು?

ಮೂಡಲಪಾಳ್ಯದ ಮುಖ್ಯರಸ್ತೆಯಲ್ಲಿ ವ್ಯಾಪಾರ ಕುದುರಿದ ಅಂಗಡಿಯವರನ್ನು ಗೆಲುವಿನ ಗುಟ್ಟೇನೆಂದು ಕೇಳಿದರೆ, ದುಡಿಮೆ, ಪ್ರಾಮಾಣಿಕತೆ, ದೂರದೃಷ್ಟಿ ಎಂಬ ಉತ್ತರ ದೊರೆತೀತು. ಅದು ಸುಳ್ಳೆಂದಲ್ಲ. ಆದರೆ ಅಷ್ಟೇ ದುಡಿದು ಬಾಗಿಲು ಮುಚ್ಚಿದವರನ್ನು ಕೇಳೋಣವೆಂದರೆ ಅವರ ನಾಮಫಲಕವೇ ಅಲ್ಲಿರುವುದಿಲ್ಲ! ಗೆದ್ದವರನ್ನಷ್ಟೇ ವಿಚಾರಿಸಿ ಗೆಲುವಿನ ನಿಯಮವನ್ನು ಬರೆಯುವುದು, ಗುಣವಾದ ರೋಗಿಗಳನ್ನು ಮಾತ್ರ ಎಣಿಸಿ ಔಷಧವನ್ನು ಹೊಗಳಿದಂತೆ.

ಇನ್ನೊಂದು ತೊಡಕೂ ಉಂಟು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಬುದ್ಧಿ, ಮೈಕಟ್ಟು, ನಾಯಕತ್ವ, ಶೀಲಗಳಿಗೆ ಬೇರೆಬೇರೆಯಾಗಿ ಕೊಟ್ಟ ಅಂಕಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಪರಿಶೀಲಿಸಿ 1920ರಲ್ಲಿ ಪ್ರಕಟಿಸಿದನು. ಒಂದರಲ್ಲಿ ಮೇಲೆನಿಸಿದವನು ಎಲ್ಲದರಲ್ಲಿಯೂ ಮೇಲಾಗಿದ್ದನು. ಉದ್ಯಮಗಳಲ್ಲಿ ಲಾಭವೇ ಇಂತಹ ಪ್ರಭಾವಳಿ. ಲಾಭ ಬಂದಾಗ ಧೈರ್ಯವೆನಿಸಿದ್ದು ನಷ್ಟ ಬಂದಾಗ ದುಡುಕೆನಿಸುತ್ತದೆ.

ಹಾಗಾದರೆ ಕಾರಣವನ್ನು ಪರೀಕ್ಷಿಸುವ ಬಗೆ ಹೇಗೆ? ಒಬ್ಬರೇ ಕೈಹಾಕಿದ ಎರಡು ಉದ್ಯಮಗಳನ್ನು ಹೋಲಿಸಿ ನೋಡಬಹುದು.

ಮೂಡಲಪಾಳ್ಯದಿಂದ ಉತ್ತರಕ್ಕೆ, ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿನ ಕಾರ್ಖಾನೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಸರೆ, ದಿವಾನ್ ವಿಶ್ವೇಶ್ವರಯ್ಯನವರ ಉತ್ಸಾಹ, ಸೋಸಲೆ ಗರಳಪುರಿ ಶಾಸ್ತ್ರಿಗಳ ರಸಾಯನವಿದ್ಯೆ, ಇವೇ ಈ ಉದ್ಯಮದ ಗೆಲುವಿಗೆ ಕಾರಣವೆಂದು ಹೇಳುವುದು ವಾಡಿಕೆ. ಆದರೆ 1914ಕ್ಕೆ ಮೊದಲು ಮೈಸೂರಿನ ಶ್ರೀಗಂಧದ ಕೊರಡುಗಳು ಹಡಗೇರಿ ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಮಹಾಯುದ್ಧ ಆ ದಾರಿಯನ್ನು ಕಡಿಯಿತು. ಕೊರಡು ಇಲ್ಲಿಯೇ ಉಳಿಯಿತು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ಬಟ್ಟಿ ಇಳಿಸತೊಡಗಿದರು. 1918ರಲ್ಲಿ ಸಾಬೂನು ಬಂದಿತು. ಅದಲ್ಲದೆ ಸಂಸ್ಥಾನದಲ್ಲಿ ಗಂಧದ ಮರ ಎಲ್ಲಿ ಬೆಳೆದರೂ ಸರ್ಕಾರದ ಸ್ವತ್ತು! ಪೈಪೋಟಿಗೆ ಬರುವವನಿಗೆ ಕಚ್ಚಾ ಮಾಲು ಸುಲಭವಾಗಿ ಸಿಗುವಂತಿರಲಿಲ್ಲ.

ಇದೇ ದೊರೆ, ಇದೇ ದಿವಾನರ ಕಾಲದಲ್ಲಿ ಹುಟ್ಟಿದ ಮತ್ತೊಂದು ಯೋಜನೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ, ಮಲೆನಾಡಿನ ಕಾಡಿನಿಂದ ಇದ್ದಿಲು, ಕೆಮ್ಮಣ್ಣುಗುಂಡಿಯಿಂದ ಅದುರು, ಎಲ್ಲವೂ ಹತ್ತಿರ. ಯುದ್ಧಕಾಲದಲ್ಲಿ ಕಬ್ಬಿಣದ ಬೆಲೆ ಏರಿತ್ತು. ಆದರೆ 1923ರಲ್ಲಿ ಕುಲುಮೆ ಹೊತ್ತುವ ವೇಳೆಗೆ ಅದು ಇಳಿದುಹೋಗಿ ನಷ್ಟದ ಮೇಲೆ ನಷ್ಟ ಬಂದಿತು. ಗಂಧದೆಣ್ಣೆಗೆ ಒದಗಿದ ಯುದ್ಧವೇ ಮುಗಿದು ಕಬ್ಬಿಣಕ್ಕೆ ಕಂಟಕವಾಯಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಖರ್ಚನ್ನು ಬಿಗಿಹಿಡಿದು ನಷ್ಟವನ್ನು ತಗ್ಗಿಸಿದರು. ಸಾಬೂನಿನ ಗೆಲುವಿನಲ್ಲಿ ಎಣಿಸುವ ಗುಣಗಳೆಲ್ಲ ಆಗಲೂ ಅವರಲ್ಲಿದ್ದವು. ಕಬ್ಬಿಣದ ಪೇಟೆ ಮಾತ್ರ ಅವರ ಕೈಯಲ್ಲಿರಲಿಲ್ಲ.