ರೇಡಿಯೇಟರಿನ ನೀರು ಮತ್ತು ಮಾಲೀಕರ ನಷ್ಟ

ಸಂಸ್ಥೆಯ ಕಾರಿನ ವೆಚ್ಚಗಳಲ್ಲಿ ಇಂಧನ, ಟೈರು, ವಿಮೆಯ ಕಂತು ಇವು ಮಾಲೀಕರ ಕಣ್ಣಿಗೆ ಬೀಳುತ್ತವೆ. ಎಂಜಿನನ್ನು ತಂಪಾಗಿಡುವ ಕೂಲೆಂಟ್ ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಮಟ್ಟ ಇಳಿದಾಗ ಚಾಲಕನು ಕೊಳವೆ ಬಾವಿಯ ನೀರನ್ನು ಸುರಿದು ಮುಂದೆ ಸಾಗುತ್ತಾನೆ. ಅದಕ್ಕೆ ವೋಚರ್ ಇಲ್ಲ. ಆದ್ದರಿಂದ ಮಾಲೀಕರಿಗೆ ತಿಳಿಯುವುದೂ ಇಲ್ಲ.

ನಮ್ಮ ನಾಡಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲವಾದ್ದರಿಂದ ಕೂಲೆಂಟ್ ಅನಗತ್ಯವೆಂಬ ಭಾವನೆ ಅನೇಕರಲ್ಲಿದೆ. ಎಥಿಲಿನ್ ಗ್ಲೈಕಾಲ್ ಮತ್ತು ನೀರಿನ ಸಮಪ್ರಮಾಣದ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟದು ಎಂಬುದು ನಮಗೆ ಉಪಯೋಗವಿಲ್ಲದ ಗುಣವೇ ಸರಿ. ಆದರೆ ಅದರ ಕುದಿಯುವ ಬಿಂದುವೂ ನೀರಿಗಿಂತ ಹೆಚ್ಚು. ಅದಕ್ಕಿಂತ ಮುಖ್ಯವಾದುದು ಅದರಲ್ಲಿರುವ ತುಕ್ಕು ನಿರೋಧಕಗಳು. ಇಂದಿನ ಕಾರುಗಳ ಸಿಲಿಂಡರ್ ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಗಡಸು ನೀರು ಅದರ ಕಿರುದಾರಿಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ, ಲೋಹವನ್ನು ಸವೆಸುತ್ತದೆ. ಶಾಖ ಹೊರಹೋಗದೆ ಹೆಡ್ ಬಾಗಿ ಗ್ಯಾಸ್ಕೆಟ್ ಕೆಡುತ್ತದೆ. ಎರಕದ ಕಬ್ಬಿಣದ ಎಂಜಿನಿನ ಹಳೆಯ ಅಂಬಾಸಡರ್ ಸಹಿಸಿಕೊಂಡದ್ದನ್ನು ಈ ಕಾರುಗಳು ಸಹಿಸವು.

ಬಣ್ಣ ನೋಡಿ ಕೂಲೆಂಟ್ ಕೊಳ್ಳುವುದು ತಪ್ಪು. ಹಸಿರು, ಕೆಂಪು, ನೀಲಿ ಇವು ತಯಾರಕರು ಬೆರೆಸುವ ವರ್ಣಗಳಷ್ಟೆ. ಹಳೆಯ ಮಾದರಿಯ ನಿರೋಧಕಗಳುಳ್ಳದ್ದು ಸುಮಾರು 2 ವರ್ಷ, ಸಾವಯವ ಆಮ್ಲ ಆಧಾರಿತವಾದುದು ಸುಮಾರು 5 ವರ್ಷ ಬಾಳುತ್ತದೆ. ಎರಡನ್ನೂ ಬೆರೆಸಿದರೆ ದೀರ್ಘ ಬಾಳಿಕೆಯ ಲಾಭ ಕೈತಪ್ಪುತ್ತದೆ. ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯೇ ಪ್ರಮಾಣ. ಸಿದ್ಧಮಿಶ್ರಣಕ್ಕೆ ಮತ್ತೆ ನೀರು ಬೆರೆಸಬಾರದು. ಸಾಂದ್ರ ರೂಪದ್ದಾದರೆ ಡಿಸ್ಟಿಲ್ಡ್ ವಾಟರನ್ನೇ ಬೆರೆಸಬೇಕು. ಬೆರೆಸದೆ ತುಂಬುವುದೂ ಹಾನಿಕರ, ಏಕೆಂದರೆ ಶಾಖ ಹೊತ್ತೊಯ್ಯುವುದರಲ್ಲಿ ಗ್ಲೈಕಾಲ್ ನೀರಿಗೆ ಸಮನಲ್ಲ.

ಎಂಜಿನ್ ಕೆಟ್ಟರೆ ವಿಮೆಯಿದೆಯಲ್ಲ ಎನ್ನುವವರು ಪಾಲಿಸಿಯನ್ನು ಒಮ್ಮೆ ಓದುವುದು ಲೇಸು. ಸವಕಳಿ, ಯಾಂತ್ರಿಕ ವೈಫಲ್ಯ ಹಾಗೂ ಆನುಷಂಗಿಕ ನಷ್ಟಗಳು ಸಾಮಾನ್ಯ ಮೋಟಾರು ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ. ಅಪಘಾತದಲ್ಲಿ ರೇಡಿಯೇಟರ್ ಒಡೆದರೆ ಅದಕ್ಕೆ ಪರಿಹಾರವುಂಟು. ದುರಸ್ತಿಯಾಗುವ ಮೊದಲೇ ಕಾರನ್ನು ಓಡಿಸಿ ಎಂಜಿನ್ ಹಾಳಾದರೆ ಆ ಹೆಚ್ಚಿನ ಹಾನಿ ವಿಮೆದಾರನದೇ. ಶಿರಾಡಿ ಘಾಟಿಯಲ್ಲಿ ಮುಳ್ಳು ಕೆಂಪಿಗೇರಿದರೂ ಸಕಲೇಶಪುರ ತಲುಪೋಣವೆಂದು ಓಡಿಸುವ ಚಾಲಕನಿಗೆ ಈ ಷರತ್ತು ತಿಳಿದಿರುವುದಿಲ್ಲ, ಮಾಲೀಕರೇ ಹೇಳಬೇಕು. ಸಾಲದ್ದಕ್ಕೆ, ಸಂಸ್ಥೆಯ ಸ್ವಂತ ಓಡಾಟದ ಕಾರಿನ ದುರಸ್ತಿಯ ಮೇಲಿನ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಸರಕು ವಾಹನಗಳಿಗೆ ಈ ನಿರ್ಬಂಧವಿಲ್ಲ.

ನಿರ್ವಹಣೆ ಕಷ್ಟದ್ದಲ್ಲ. ಎಂಜಿನ್ ತಣ್ಣಗಿರುವಾಗ ಮೀಸಲು ಡಬ್ಬಿಯ ಎರಡು ಗೆರೆಗಳ ನಡುವೆ ಮಟ್ಟವಿರಬೇಕು. ಬಿಸಿಯಿರುವಾಗ ಮುಚ್ಚಳ ತೆರೆದರೆ ಒತ್ತಡದಿಂದ ಚಿಮ್ಮಿ ಮೈ ಸುಡುವುದು. ಪ್ರತಿ ಬಾರಿ ತುಂಬಿದ ದಿನಾಂಕ, ಪ್ರಮಾಣಗಳನ್ನು ವಾಹನದ ಪುಸ್ತಕದಲ್ಲಿ ಬರೆಸಿದರೆ, ಹೊರಗೆ ಸೋರಿಕೆ ಕಾಣದಿದ್ದರೂ ಮಟ್ಟ ಇಳಿಯುತ್ತಿರುವುದು ಬೇಗ ಬಯಲಾಗುತ್ತದೆ. ಅದು ಗ್ಯಾಸ್ಕೆಟ್ ಪರೀಕ್ಷಿಸಬೇಕಾದ ಸೂಚನೆ. ಹೊರತೆಗೆದ ಹಳೆಯ ಕೂಲೆಂಟನ್ನು ಚರಂಡಿಗೆ ಚೆಲ್ಲಲು ಬಿಡಬಾರದು. ಅದು ಸಿಹಿಯಾದ ವಿಷ. ದನ, ನಾಯಿಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ.