ಬಂದರು ಬಂತು, ಇಳಿಯುವಂತಿಲ್ಲ!

ವಿಹಾರ ನೌಕೆ ಬಂದರಿನಲ್ಲಿ ನಿಂತಿದೆ. ಪ್ರಯಾಣಿಕರು ಮಾತ್ರ ಇಳಿಯುವಂತಿಲ್ಲ. ಇದೆಂಥ ವಿಚಿತ್ರ? ಕೆಲವೊಮ್ಮೆ ಇಂಧನ ತುಂಬಿಸಬೇಕು. ಕೆಲವೊಮ್ಮೆ ಕಾನೂನು ಪಾಲಿಸಬೇಕು.

ಅಮೆರಿಕದ 1886ರ ಕಾಯ್ದೆಯಂತೆ ವಿದೇಶಿ ಧ್ವಜದ ಹಡಗು ಆ ದೇಶದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ದೊಡ್ಡ ವಿಹಾರ ನೌಕೆಗಳು ಹೆಚ್ಚಾಗಿ ಬಹಾಮಾಸ್, ಪನಾಮಾಗಳಲ್ಲಿ ನೋಂದಣಿಯಾದವು. ಹಾಗಾಗಿ ಲಾಸ್ ಏಂಜಲೀಸ್‌ನಿಂದ ಹವಾಯಿಗೆ ಹೋಗಿಬರುವ ನೌಕೆ ಮೆಕ್ಸಿಕೊದ ಎನ್ಸೆನಾಡಾದಲ್ಲಿ ಕೆಲ ಗಂಟೆ ನಿಲ್ಲುತ್ತದೆ. ಆಗ ಇಳಿಯಲು ಅವಕಾಶ ಸಿಗದಿರುವುದೂ ಉಂಟು.

2021ರಲ್ಲಿ ಕೋವಿಡ್ ಕಾರಣ ಕೆನಡಾ ತನ್ನ ಬಂದರುಗಳನ್ನು ವಿಹಾರ ನೌಕೆಗಳಿಗೆ ಮುಚ್ಚಿತು. ಪ್ರವಾಸಿಗರನ್ನೇ ನಂಬಿದ ಅಲಾಸ್ಕಾದ ಪಟ್ಟಣಗಳು ಕಂಗಾಲಾದವು. ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿ ನೀಡಿದ ಮೇಲೆಯೇ ಸಿಯಾಟಲ್‌ನಿಂದ ನೌಕೆಗಳು ಹೊರಟವು.

ಪೋಷಕರೇ, ಟಿಕೆಟಿಗೆ ಹಣ ಕಟ್ಟುವ ಮುನ್ನ ವೇಳಾಪಟ್ಟಿಯಲ್ಲಿ 'ತಾಂತ್ರಿಕ ನಿಲುಗಡೆ' ಇದೆಯೇ ನೋಡಿ. ಮಕ್ಕಳೇ, ಭೂಪಟದಲ್ಲಿ ಎನ್ಸೆನಾಡಾ ಹುಡುಕಿ!