ಬೀಗ ಹಾಕಿದ ನಿಲ್ದಾಣಕ್ಕೆ ಮತ್ತೆ ದನಿ

ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ, ಪೆಸಿಫಿಕ್ ಸಾಗರದ ಅಂಚಿನಲ್ಲಿರುವ ಪಾಯಿಂಟ್ ರೇಯ್ಸ್‌ನಲ್ಲಿ ಒಂದು ದಾರಿಯಿದೆ. ಎರಡೂ ಬದಿಯ ಸೈಪ್ರೆಸ್ ಮರಗಳು ಬಾಗಿ ಅದಕ್ಕೆ ಚಪ್ಪರ ಹಾಕಿವೆ. ದಾರಿಯ ಕೊನೆಯಲ್ಲಿರುವುದು ಕೆಪಿಎಚ್ ರೇಡಿಯೊ ನಿಲ್ದಾಣ. ದಶಕಗಳ ಕಾಲ ಪೆಸಿಫಿಕ್‌ನ ಹಡಗುಗಳು ದಡದೊಡನೆ ಮೋರ್ಸ್ ಸಂಕೇತದಲ್ಲಿ ಮಾತಾಡಿದ್ದು ಇದರ ಮೂಲಕ. ಶುರುವಿನಲ್ಲಿ ನಿಲ್ದಾಣವಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾಲೇಸ್ ಹೋಟೆಲಿನಲ್ಲಿ. ಆ ಹೆಸರಿನ ಮೊದಲಕ್ಷರಗಳೇ 'ಪಿಎಚ್' ಆಗಿ ಉಳಿದುಕೊಂಡವು.

ಉಪಗ್ರಹಗಳು ಬಂದ ಮೇಲೆ ಮೋರ್ಸ್‌ಗೆ ಕೆಲಸ ತಪ್ಪಿತು. 1997ರಲ್ಲಿ ಈ ನಿಲ್ದಾಣ ಮುಚ್ಚಿತು. 1999ರ ಜುಲೈ 12ರಂದು ಅಮೆರಿಕದ ಕೊನೆಯ ವಾಣಿಜ್ಯ ಮೋರ್ಸ್ ಸಂದೇಶವೂ ಹೊರಟುಹೋಯಿತು. 2013ರ ಜುಲೈನಲ್ಲಿ ನಮ್ಮ ಟೆಲಿಗ್ರಾಂ ನಿಂತಾಗ, ತಂತಿ ಬಂತೆಂದರೆ ಎದೆ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದ ತಲೆಮಾರಿಗೆ ಆದ ನೋವು ಇಂಥದ್ದೇ.

ಆದರೆ ಕೆಪಿಎಚ್‌ನ ವಿಷಯದಲ್ಲಿ ಕೆಲವು ರೇಡಿಯೊ ಪ್ರೇಮಿಗಳು ಕೈಕಟ್ಟಿ ಕೂರಲಿಲ್ಲ. ಮ್ಯಾರಿಟೈಮ್ ರೇಡಿಯೊ ಹಿಸ್ಟಾರಿಕಲ್ ಸೊಸೈಟಿ ಕಟ್ಟಿಕೊಂಡು, ರಾಷ್ಟ್ರೀಯ ಉದ್ಯಾನ ಇಲಾಖೆಯ ಜೊತೆಗೂಡಿ ದುರಸ್ತಿಗೆ ಇಳಿದರು. ಹಿಂದೆ ಇಲ್ಲೇ ದುಡಿದವರೂ ಕೈಜೋಡಿಸಿದರು. ಮೋರ್ಸ್ ಕೀಲಿ, ರಿಸೀವರುಗಳು, ದೊಡ್ಡಕ್ಷರ ಮಾತ್ರ ಮೂಡಿಸುವ ಟೈಪ್‌ರೈಟರ್ ಎಲ್ಲವೂ ಮತ್ತೆ ಕೆಲಸಕ್ಕೆ ಬಂದವು. ಇಂಥ ಕೋಣೆಯ ಗಡಿಯಾರವೇ ಒಂದು ಪಾಠ. ಅದರ ಮುಖದಲ್ಲಿ 15 ಮತ್ತು 45ನೇ ನಿಮಿಷಗಳಿಂದ ಮೂರು ಮೂರು ನಿಮಿಷ ಕೆಂಪು ಪಟ್ಟಿ. ಆಗ 500 ಕಿಲೋಹರ್ಟ್ಸ್‌ನಲ್ಲಿ ಯಾರೂ ಸದ್ದು ಮಾಡುವಂತಿರಲಿಲ್ಲ. ದೂರದಲ್ಲಿ ಮುಳುಗುತ್ತಿರುವ ಹಡಗಿನ ಕ್ಷೀಣ ಕೂಗು ಕೇಳಿಸಲೆಂದು ಇಡೀ ಕಡಲೇ ಕಿವಿಯಾಗುತ್ತಿತ್ತು.

ಟ್ರಾನ್ಸ್‌ಮಿಟರುಗಳು ಇರುವುದು ದಕ್ಷಿಣದ ಬೊಲಿನಾಸ್‌ನಲ್ಲಿ. ಪಕ್ಕದಲ್ಲೇ ಕೂಗುವವರಿದ್ದರೆ ದೂರದ ಪಿಸುಮಾತು ಕೇಳಿಸದು. ಅದಕ್ಕೇ ಕೂಗುವ ಜಾಗ ಬೇರೆ, ಕೇಳುವ ಜಾಗ ಬೇರೆ. ವರ್ಷಗಟ್ಟಲೆ ಸುಮ್ಮನಿದ್ದ ವಾಲ್ವ್ ಯಂತ್ರಕ್ಕೆ ಒಮ್ಮೆಲೇ ಪೂರ್ತಿ ವಿದ್ಯುತ್ ಕೊಡುವಂತಿಲ್ಲ. ಮೊದಲು ದೂಳು ತೆಗೆದು, ತಂತಿಗಳ ಹೊದಿಕೆ ನೋಡಿ, ಒಣಗಿದ ಕೆಪಾಸಿಟರ್ ಬದಲಿಸಬೇಕು. ಆಮೇಲೆ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಒಳಗಿರುವುದು ಸಾವಿರಾರು ವೋಲ್ಟ್. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಇಷ್ಟೆಲ್ಲ ಮಾಡಿ ಕರೆದರೆ ಓಗೊಡುವವರು ಯಾರು? ಹಡಗುಗಳಲ್ಲಿ ಈಗ ಮೋರ್ಸ್ ಬಲ್ಲವರು ವಿರಳ. ಈ ಭಾಷೆಯನ್ನು ಪ್ರೀತಿಯಿಂದ ಉಳಿಸಿಕೊಂಡವರು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು. ಹವ್ಯಾಸಿ ತರಂಗಪಟ್ಟಿಯಲ್ಲಿ ಮಾತಾಡಲು ಹವ್ಯಾಸಿ ಕರೆಗುರುತೇ ಬೇಕು. ಹಾಗಾಗಿ ಈ ನಿಲ್ದಾಣಕ್ಕೆ ಕೆ6ಕೆಪಿಎಚ್ ಎಂಬ ಇನ್ನೊಂದು ಹೆಸರೂ ಇದೆ. ಹಳೆಯ ಯಂತ್ರಕ್ಕೆ ಹೊಳಪು ಕೊಟ್ಟು ಇಟ್ಟರೆ ನೋಡುವವರು ಸಿಗುತ್ತಾರೆ. ಅದು ಮತ್ತೆ ರೇಡಿಯೊ ಆಗಬೇಕಾದರೆ ಆಚೆ ದಡದಿಂದ ಯಾರಾದರೂ ಉತ್ತರಿಸಬೇಕು.

1999ರ ಆ ಕೊನೆಯ ಸಂದೇಶದ ನೆನಪಿಗೆ ಪ್ರತಿ ವರ್ಷ ಜುಲೈ 12ರಂದು, ಅಲ್ಲಿನ ಸಂಜೆ 5 ಗಂಟೆ 1 ನಿಮಿಷಕ್ಕೆ, ಕೆಪಿಎಚ್ ತನ್ನ ಹಳೆಯ ತರಂಗಾಂತರಗಳಲ್ಲಿ ಕರೆಯುತ್ತದೆ. ಕೆ6ಕೆಪಿಎಚ್ ಹ್ಯಾಮ್‌ಗಳ ಉತ್ತರಕ್ಕೆ ಕಿವಿಗೊಡುತ್ತದೆ. ನಮ್ಮಲ್ಲಿ ಆಗ ಜುಲೈ 13ರ ಬೆಳಗಿನ ಐದೂವರೆ. ಮೋರ್ಸ್ ಕಲಿತ ಬೆಂಗಳೂರಿನ ಹ್ಯಾಮ್ ಒಬ್ಬರು ಆ ನಸುಕಿನಲ್ಲಿ ಹೆಡ್‌ಫೋನ್ ಹಾಕಿ 14,050 ಕಿಲೋಹರ್ಟ್ಸ್‌ಗೆ ತಿರುಗಿಸಿ ಕೂರಬಹುದು. ವಾತಾವರಣ ಕೈಹಿಡಿದರೆ, ಸೈಪ್ರೆಸ್ ಚಪ್ಪರದ ಆಚೆಯ ಕೀಲಿಯ ದನಿ ಕೇಳೀತು.